ವೆನಿಸೋ, ಫ್ಲಾರೆನ್ಸೋ?

ಯೂರೋಪಿಗೆ ಹೋಗುವುದೆಂದರೆ ಒಂದು ಕಾಲಕ್ಕೆ ಮುಂಬಯಿಯಲ್ಲಿ ಹಡಗು ಹತ್ತಿ ವಾರಗಟ್ಟಲೆ ಸಮುದ್ರದ ಮೇಲಿರುವ ಮಾತಾಗಿತ್ತು. ಈಗ ಮಗಳ ಬಾಣಂತನಕ್ಕೆಂದೋ, ಮಗನ ವಿದ್ಯಾಭ್ಯಾಸದ ನಿಮಿತ್ತವೋ, ಕಂಪನಿಯ ಕೆಲಸದ ಮೇಲೋ ಆ ಖಂಡಕ್ಕೆ ಹೋಗಿಬರುವವರು ನಮ್ಮ ಸಣ್ಣ ಪಟ್ಟಣಗಳಲ್ಲಿಯೂ ಇದ್ದಾರೆ. ಹೋದವರಿಗೆ ನಡುವೆ ಮೂರೋ ನಾಲ್ಕೋ ದಿನಗಳ ಬಿಡುವು ಸಿಕ್ಕುತ್ತದೆ. ಇಟಲಿಯನ್ನು ನೋಡಬೇಕೆಂದು ಆಸೆ. ರೋಮ್ ನಗರಕ್ಕೆ ಅಷ್ಟು ದಿನ ಸಾಲದೆಂದು ಬಲ್ಲವರು ಹೇಳುತ್ತಾರೆ. ಹಾಗಾಗಿ ಮುಂದೆ ಬಂದು ನಿಲ್ಲುವ ಹೆಸರುಗಳು ಎರಡು: ನೀರಿನ ನಡುವಿನ ವೆನಿಸ್, ಆರ್ನೊ ನದಿಯ ದಂಡೆಯ ಫ್ಲಾರೆನ್ಸ್. ಎರಡರಲ್ಲಿ ಯಾವುದು?

"ಎರಡೂ ಆಗಲಿ" ಎಂದು ನೀವು ಹೇಳಬಹುದು. ವೇಗದ ರೈಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು ಎರಡೂಕಾಲು ಗಂಟೆಯ ಹಾದಿ. ಬೆಂಗಳೂರಿನಿಂದ ಮೈಸೂರಿಗೆ ಹೋದಂತೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಕಡೆ ಗಂಟು ಕಟ್ಟಿ, ಇನ್ನೊಂದು ಕಡೆ ಕೋಣೆ ಹುಡುಕಿ, ಊಟದ ಜಾಗ ತಿಳಿದುಕೊಳ್ಳುವಷ್ಟರಲ್ಲಿ ಮೂರು ದಿನಗಳಲ್ಲಿ ಒಂದು ದಿನ ಕೈಬಿಟ್ಟಿರುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ನಮ್ಮ ಹಿರಿಯರು ಹೇಳಿದ್ದೇ. ಆದ್ದರಿಂದ ಒಂದನ್ನೇ ಆರಿಸಿಕೊಳ್ಳುವುದು ಲೇಸು. ಯಾವುದು ಹೆಚ್ಚು ಚೆಲುವು ಎಂದು ಕೇಳಿದರೆ ಚರ್ಚೆ ಮುಗಿಯಲಾರದು. ಈ ಎರಡು ಊರುಗಳು ಹೇಗೆ ಹುಟ್ಟಿದುವು, ಏನನ್ನು ಮಾಡಿ ಬದುಕಿದುವು, ಏನನ್ನು ಉಳಿಸಿಕೊಂಡುವು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಆಗ ಉತ್ತರಕ್ಕೆ ಒಂದು ಆಧಾರ ದೊರೆಯುತ್ತದೆ.

ವೆನಿಸ್ ಹುಟ್ಟಿದ್ದು ಭಯದಿಂದ. ರೋಮ್ ಸಾಮ್ರಾಜ್ಯ ಮುರಿದು ಬೀಳುತ್ತಿದ್ದ ಕಾಲದಲ್ಲಿ ಉತ್ತರದಿಂದ ದಂಡೆತ್ತಿ ಬಂದವರಿಗೆ ಹೆದರಿ ಜನ ಆಡ್ರಿಯಾಟಿಕ್ ಸಮುದ್ರದ ಅಂಚಿನ ಹಿನ್ನೀರಿನ ದ್ವೀಪಗಳಿಗೆ ಓಡಿ ಬಂದರು. ಅಲ್ಲಿ ಉಳಲು ನೆಲವಿಲ್ಲ, ಕುಡಿಯಲು ಸಿಹಿನೀರಿಲ್ಲ, ಮನೆಗೆ ಗಟ್ಟಿ ತಳಪಾಯವಿಲ್ಲ. ಇದ್ದದ್ದು ಮೀನು ಮತ್ತು ಉಪ್ಪು. ಅವರು ಕೆಸರಿನಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಉಪ್ಪುನೀರನ್ನು ತಡೆಯುವ ಬಿಳಿಯ ಕಲ್ಲು ಹಾಸಿ ಮನೆ ಕಟ್ಟಿದರು. ಗಾಳಿ ತಗಲದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ಇಂದಿಗೂ ಆ ಊರಿನ ಅರಮನೆಗಳು, ದೇವಾಲಯಗಳು ನಿಂತಿರುವುದು ಆ ಗೂಟಗಳ ಮೇಲೆಯೇ. ನೂರಕ್ಕೂ ಮಿಕ್ಕಿದ ದ್ವೀಪಗಳು, ಅವನ್ನು ಹೊಲಿದಂತೆ ಸುಮಾರು 400 ಸೇತುವೆಗಳು.

ಬೆಳೆಯಿಲ್ಲದ ಊರಿಗೆ ವ್ಯಾಪಾರವೇ ಬೆಳೆ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಅರಬ್ಬರ ಹಡಗುಗಳಲ್ಲಿ ಕೆಂಪು ಸಮುದ್ರವನ್ನು ದಾಟಿ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗುತ್ತಿತ್ತು. ಅಲ್ಲಿಂದ ಅದನ್ನು ಕೊಂಡು ಯೂರೋಪಿಗೆಲ್ಲ ಮಾರಿದವರಲ್ಲಿ ವೆನಿಸಿನವರು ಮೊದಲಿಗರು. 1284ರಲ್ಲಿ ಅವರು ಮುದ್ರಿಸಲು ತೊಡಗಿದ ಡುಕಾಟ್ ಎಂಬ ಚಿನ್ನದ ನಾಣ್ಯ ಐನೂರು ವರ್ಷಗಳ ಕಾಲ ತೂಕ, ಮಟ್ಟಗಳಲ್ಲಿ ಹೆಚ್ಚುಕಡಮೆ ಬದಲಾಗಲಿಲ್ಲ. ದಕ್ಷಿಣ ಭಾರತದ ನೆಲದಲ್ಲಿ ಸಿಕ್ಕಿರುವ ನಿಧಿಗಳಲ್ಲಿ ಈ ನಾಣ್ಯಗಳೂ ಇವೆ. ಮೆಣಸಿಗೆ ಕೊಟ್ಟ ಬೆಲೆ ಅದು.

ಫ್ಲಾರೆನ್ಸಿನ ಕಥೆ ಬೇರೆ. ಅದಕ್ಕೆ ಸಮುದ್ರವಿಲ್ಲ, ಇದ್ದದ್ದು ಒಂದು ನದಿ ಮತ್ತು ನೇಯುವ, ಬಣ್ಣ ಕಟ್ಟುವ ಕೈಗಳು. ಇಂಗ್ಲೆಂಡಿನಿಂದ ಉಣ್ಣೆಯನ್ನು ತರಿಸಿ, ಅದನ್ನು ಒಳ್ಳೆಯ ಬಟ್ಟೆ ಮಾಡಿ, ದೂರ ದೇಶಗಳಿಗೆ ಮಾರಿದರು. ಬಟ್ಟೆಯ ಹಣ ಲೇವಾದೇವಿಯ ಹಣವಾಯಿತು. 1252ರಲ್ಲಿ, ವೆನಿಸಿಗಿಂತ ಮೂವತ್ತೆರಡು ವರ್ಷ ಮೊದಲೇ, ಫ್ಲಾರೆನ್ಸ್ ತನ್ನ ಚಿನ್ನದ ಫ್ಲಾರಿನ್ ನಾಣ್ಯವನ್ನು ಹೊರಡಿಸಿತು. ರಾಜರುಗಳೇ ಅಲ್ಲಿ ಸಾಲಕ್ಕೆ ಬಂದರು. ಸಾಲ ಕೊಟ್ಟವನಿಗೆ ಅಪಾಯವೂ ಉಂಟಷ್ಟೆ. 1340ರ ದಶಕದಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡನಿಗೆ ಕೊಟ್ಟ ಸಾಲ ಹಿಂದಿರುಗದೆ ಹೋದದ್ದೂ ಒಂದು ಕಾರಣವಾಗಿ ಬಾರ್ಡಿ, ಪೆರುಟ್ಸಿ ಎಂಬ ದೊಡ್ಡ ಲೇವಾದೇವಿಯ ಮನೆಗಳು ಮುಳುಗಿದುವು. 1348ರಲ್ಲಿ ಮಹಾಮಾರಿ ಬಂದು ಊರಿನ ಜನದಲ್ಲಿ ಬಹು ಭಾಗವನ್ನು ಒಯ್ದಿತು. ಇಷ್ಟೆಲ್ಲ ಅನುಭವಿಸಿದ ಊರು ತೊಂಬತ್ತು ವರ್ಷಗಳೊಳಗೆ ಏನು ಮಾಡಿತು ಎಂಬುದನ್ನು ಅಲ್ಲಿನ ಮುಖ್ಯ ದೇವಾಲಯದ ಗುಮ್ಮಟದಲ್ಲಿ ನೋಡಬೇಕು.

ಆ ದೇವಾಲಯವನ್ನು ಕಟ್ಟಲು ಮೊದಲಿಟ್ಟದ್ದು 1296ರಲ್ಲಿ. ಗೋಡೆಗಳು ಮೇಲೆದ್ದುವು. ಮೇಲೆ ಸುಮಾರು 45 ಮೀಟರು ಅಗಲದ ಬಾಯಿ ತೆರೆದುಕೊಂಡು ನಿಂತಿತ್ತು. ಅದನ್ನು ಮುಚ್ಚುವ ವಿದ್ಯೆ ಆಗ ಯಾರಿಗೂ ತಿಳಿದಿರಲಿಲ್ಲ. ಅಷ್ಟು ದೊಡ್ಡ ಕಮಾನಿಗೆ ಕೆಳಗಿನಿಂದ ಮರದ ಆಸರೆ ಕೊಡುವುದು ಸಾಧ್ಯವಿರಲಿಲ್ಲ. 1418ರಲ್ಲಿ ಊರಿನವರು ಸ್ಪರ್ಧೆಯನ್ನು ಸಾರಿದರು. ಅಕ್ಕಸಾಲಿಯ ಕೆಲಸ ಕಲಿತಿದ್ದ ಫಿಲಿಪ್ಪೊ ಬ್ರುನೆಲ್ಲೆಸ್ಕಿ ಎಂಬಾತ ಆಸರೆಯಿಲ್ಲದೆಯೇ ಕಟ್ಟುತ್ತೇನೆಂದ. ಒಂದರೊಳಗೊಂದು ಎರಡು ಗುಮ್ಮಟ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದ ವರಸೆ, ಭಾರ ಎತ್ತಲು ಎತ್ತುಗಳು ತಿರುಗಿಸುವ ಹೊಸ ಯಂತ್ರ: ಹೀಗೆ 1420ರಲ್ಲಿ ಶುರುವಾದ ಕೆಲಸ 1436ರಲ್ಲಿ ಮುಗಿಯಿತು. ಇಟ್ಟಿಗೆಯಲ್ಲಿ ಕಟ್ಟಿದ ಗುಮ್ಮಟಗಳಲ್ಲಿ ಅದಕ್ಕಿಂತ ದೊಡ್ಡದು ಇಂದಿಗೂ ಇಲ್ಲ. ಈ ಕಟ್ಟಡದ ಉಸ್ತುವಾರಿ ಉಣ್ಣೆ ವರ್ತಕರ ಸಂಘದ್ದಾಗಿತ್ತು ಎಂಬುದನ್ನು ನೆನಪಿಡಿ. ಅದು ರಾಜನ ಕಟ್ಟಡವಲ್ಲ, ಬಟ್ಟೆ ವ್ಯಾಪಾರಿಗಳ ಕಟ್ಟಡ.

ರಾಜರಿಲ್ಲದ ಈ ಎರಡು ಊರುಗಳು ತಮ್ಮನ್ನು ತಾವು ಆಳಿಕೊಂಡ ರೀತಿಯನ್ನು ಹೋಲಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ವೆನಿಸಿನಲ್ಲಿ ಡೋಜ್ ಎಂಬ ಮುಖ್ಯಸ್ಥನಿದ್ದ. ಅವನ ಅಧಿಕಾರ ಸಾಯುವವರೆಗೆ. ಆದರೆ ಅವನ ಕೈಗಳನ್ನು ಊರು ಕಟ್ಟಿಯೇ ಇಟ್ಟಿತ್ತು. 1268ರಿಂದ ಅವನನ್ನು ಆರಿಸುವ ಕ್ರಮ ಹೀಗೆ: ಚೀಟಿ ಎತ್ತಿಸುವಂತೆ ಗುಂಡುಗಳನ್ನು ಎತ್ತಿಸಿ ಕೆಲವರನ್ನು ಆರಿಸುವುದು, ಅವರು ಮತ್ತೆ ಕೆಲವರನ್ನು ಮತದಿಂದ ಆರಿಸುವುದು, ಅವರಲ್ಲಿ ಮತ್ತೆ ಗುಂಡು ಎತ್ತಿಸುವುದು, ಹೀಗೆ ಸುತ್ತಿನ ಮೇಲೆ ಸುತ್ತು ನಡೆದು ಕೊನೆಗೆ ಉಳಿದ 41 ಮಂದಿ ಡೋಜನನ್ನು ಆರಿಸಬೇಕು. ಯಾವ ಮನೆತನವೂ ಲಂಚದಿಂದ ಗೆಲ್ಲದಿರಲಿ ಎಂದು ಇಷ್ಟು ಏರ್ಪಾಡು. 1355ರಲ್ಲಿ ಮರೀನೊ ಫಾಲಿಯೆರೊ ಎಂಬ ಡೋಜ್ ತಾನೇ ದೊರೆಯಾಗಲು ಹವಣಿಸಿದಾಗ ಅವನ ತಲೆ ತೆಗೆಸಿದರು. ಡೋಜನ ಅರಮನೆಯ ದೊಡ್ಡ ಸಭಾಂಗಣದಲ್ಲಿ ಹಿಂದಿನ ಡೋಜರ ಚಿತ್ರಗಳ ಸಾಲಿದೆ. ಅವನ ಜಾಗದಲ್ಲಿ ಮಾತ್ರ ಕಪ್ಪು ಬಟ್ಟೆಯ ಚಿತ್ರ. ನೀವು ಹೋದರೆ ತಲೆ ಎತ್ತಿ ಅದನ್ನು ಹುಡುಕಿ.

ಫ್ಲಾರೆನ್ಸಿನಲ್ಲಿ ಒಬ್ಬನ ಆಳ್ವಿಕೆಯ ಭಯ ಇನ್ನೂ ಹೆಚ್ಚು. ಅಲ್ಲಿ ಆಡಳಿತ ನಡೆಸುವ ಒಂಬತ್ತು ಮಂದಿಯ ಹೆಸರನ್ನು ಚೀಲದಿಂದ ಎತ್ತುತ್ತಿದ್ದರು. ಅವರ ಅವಧಿ ಎರಡೇ ತಿಂಗಳು. ಆದರೂ ಒಂದು ಮನೆತನ ಊರನ್ನು ಕೈಗೆ ತೆಗೆದುಕೊಂಡಿತು. ಲೇವಾದೇವಿಯ ಮೆಡಿಚಿ ಮನೆತನದ ಕೋಸಿಮೊ 1434ರಲ್ಲಿ ದೇಶಭ್ರಷ್ಟತೆಯಿಂದ ಹಿಂದಿರುಗಿದ ಮೇಲೆ, ಚೀಲದಲ್ಲಿ ಯಾರ ಹೆಸರು ಇರಬೇಕೆಂಬುದು ಅವನ ಕಡೆಯವರ ಕೈ ಸೇರಿತು. ಕಾಯಿದೆ ಹಾಗೆಯೇ ಇತ್ತು, ಅಧಿಕಾರ ಬೇರೆ ಕಡೆಗೆ ಹೋಗಿತ್ತು. 1478ರಲ್ಲಿ ದೇವಾಲಯದಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಕೋಸಿಮೊನ ಮೊಮ್ಮಕ್ಕಳ ಮೇಲೆ ಕತ್ತಿ ಬಿತ್ತು. ಜೂಲಿಯಾನೊ ಸತ್ತ, ಲೊರೆಂಜೊ ಉಳಿದ. ಮುಂದೆ ಆ ಮನೆಯವರನ್ನು ಓಡಿಸಿದ್ದೂ ಉಂಟು, ಮರಳಿ ಕರೆದದ್ದೂ ಉಂಟು. ವೆನಿಸ್ ನಿಯಮದ ಊರು, ಫ್ಲಾರೆನ್ಸ್ ಜಗಳದ ಊರು ಎಂದು ಹೇಳಿದರೆ ಹೆಚ್ಚು ತಪ್ಪಾಗದು. ಮೈಕೆಲೆಂಜೆಲೊ ಕೆತ್ತಿದ ಡೇವಿಡ್ ವಿಗ್ರಹವನ್ನು 1504ರಲ್ಲಿ ಫ್ಲಾರೆನ್ಸಿನವರು ತಮ್ಮ ಸರ್ಕಾರದ ಬಾಗಿಲಲ್ಲಿ ನಿಲ್ಲಿಸಿದ್ದು ಮೆಡಿಚಿಗಳು ಊರಿಂದ ಹೊರಗಿದ್ದ ಕಾಲದಲ್ಲಿ. ದೈತ್ಯನನ್ನು ಕೆಡಹಿದ ಹುಡುಗನ ಕಥೆ ಆ ಜನಕ್ಕೆ ಅಂದಿನ ರಾಜಕೀಯವೇ ಆಗಿತ್ತು.

ಈ ಎರಡು ಊರುಗಳ ನಡುವೆ ಆಯ್ಕೆ ಮಾಡಬೇಕಾದವರು ನೀವೇ ಮೊದಲಲ್ಲ. ನಾನೂರು ವರ್ಷಗಳ ಹಿಂದೆ ಗೆಲಿಲಿಯೊ ಇದೇ ಆಯ್ಕೆಯನ್ನು ಮಾಡಿದ. ವೆನಿಸಿನ ಆಳ್ವಿಕೆಗೆ ಸೇರಿದ ಪಾಡುವಾ ನಗರದ ವಿಶ್ವವಿದ್ಯಾನಿಲಯದಲ್ಲಿ ಆತ ಹದಿನೆಂಟು ವರ್ಷ ಪಾಠ ಹೇಳಿದವನು. 1609ರ ಆಗಸ್ಟಿನಲ್ಲಿ ವೆನಿಸಿನ ಹಿರಿಯರನ್ನು ಸಂತ ಮಾರ್ಕನ ಗಂಟೆಗೋಪುರದ ಮೇಲಕ್ಕೆ ಕರೆದೊಯ್ದು ತನ್ನ ದೂರದರ್ಶಕ ಯಂತ್ರವನ್ನು ತೋರಿಸಿದ. ಬರಿಗಣ್ಣಿಗೆ ಕಾಣುವ ಮೊದಲೇ ಹಡಗು ಕಂಡರೆ ವ್ಯಾಪಾರಿಗೂ ಲಾಭ, ಸೇನೆಗೂ ಲಾಭ. ಅವರು ಅವನ ಸಂಬಳವನ್ನು ಏರಿಸಿ ಆಜೀವ ಹುದ್ದೆ ಕೊಟ್ಟರು. ಮರುವರ್ಷ ಗುರುಗ್ರಹದ ಸುತ್ತ ನಾಲ್ಕು ಉಪಗ್ರಹಗಳನ್ನು ಕಂಡ ಸಂಗತಿಯನ್ನು ಅವನು ಪುಸ್ತಕವಾಗಿ ಪ್ರಕಟಿಸಿದ. ಅಚ್ಚಾದದ್ದು ವೆನಿಸಿನಲ್ಲಿ, ಅರ್ಪಣೆ ಮಾತ್ರ ಫ್ಲಾರೆನ್ಸಿನ ಮೆಡಿಚಿ ಪ್ರಭುವಿಗೆ, ಉಪಗ್ರಹಗಳಿಗೂ ಆ ಮನೆತನದ ಹೆಸರೇ. ಅದೇ 1610ರಲ್ಲಿ ಅವನು ಫ್ಲಾರೆನ್ಸಿಗೆ ಹೊರಟುಹೋದ. ಹುಟ್ಟಿದ ಸೀಮೆಯ ಸೆಳೆತ, ಪಾಠ ಹೇಳುವ ಹೊರೆಯಿಲ್ಲದ ಹುದ್ದೆ, ಪ್ರಭುವಿನ ಆಶ್ರಯ. ವೆನಿಸಿನ ಗೆಳೆಯ ಸಾಗ್ರೆಡೊ, ಇಲ್ಲಿದ್ದ ಸ್ವಾತಂತ್ರ್ಯ ಅಲ್ಲಿ ಸಿಕ್ಕೀತೇ ಎಂದು ಕಾಗದ ಬರೆದು ಕಳವಳಪಟ್ಟ. ಪೋಪನಿಗೆ ಎದುರು ನಿಂತು ಅರಗಿಸಿಕೊಂಡ ಊರು ವೆನಿಸ್. ಮೆಡಿಚಿ ಪ್ರಭುವಿಗೆ ಅಷ್ಟು ಶಕ್ತಿಯಿರಲಿಲ್ಲ. 1633ರಲ್ಲಿ ರೋಮಿನ ಧರ್ಮ ನ್ಯಾಯಾಲಯ ಮುದುಕ ಗೆಲಿಲಿಯೊನನ್ನು ಮಂಡಿಯೂರಿಸಿತು. ಫ್ಲಾರೆನ್ಸಿನ ಹೊರಗಿನ ಆರ್ಚೆಟ್ರಿ ಎಂಬಲ್ಲಿ ಮನೆಸೆರೆಯಲ್ಲಿಯೇ 1642ರಲ್ಲಿ ಅವನು ತೀರಿಕೊಂಡ. ಸಂತಾ ಕ್ರೋಚೆ ದೇವಾಲಯದಲ್ಲಿ ಅವನಿಗೆ ತಕ್ಕ ಸಮಾಧಿ ಆದದ್ದು 1737ರಲ್ಲಿ. ಒಂದು ಊರು ಕೊಟ್ಟದ್ದನ್ನು ಇನ್ನೊಂದು ಊರು ಕೊಡಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇನ್ನು ಕನ್ನಡಿಗರಾದ ನಮಗೆ ಈ ಊರುಗಳೊಡನೆ ಒಂದು ಹಳೆಯ ಸಂಬಂಧವುಂಟು. ವಿಜಯನಗರವನ್ನು 1420ರ ಸುಮಾರಿಗೆ ಕಂಡ ನಿಕೊಲೊ ಕೊಂಟಿಯ ಹೆಸರನ್ನು ನೀವು ಶಾಲೆಯ ಚರಿತ್ರೆಯಲ್ಲಿ ಓದಿದ್ದೀರಿ. ಅವನು ವೆನಿಸಿನ ವರ್ತಕ. ಊರಿನ ಸುತ್ತಳತೆ ಅರವತ್ತು ಮೈಲಿ ಎಂದು ಅವನು ಹೇಳಿದ. ಹಬ್ಬದಲ್ಲಿ ಗುಡಿಗಳ ಒಳಗೂ ಮಾಡಿನ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆಯ ದೀಪಗಳನ್ನು ಹಚ್ಚುವುದನ್ನೂ ಹೇಳಿದ. ಆದರೆ ಅವನೇ ಕುಳಿತು ಪುಸ್ತಕ ಬರೆಯಲಿಲ್ಲ. ದೂರದೇಶಗಳಲ್ಲಿ ಅಲೆಯುವಾಗ ಪ್ರಾಣಭಯದಿಂದ ಮತ ಬದಲಿಸಿದ್ದಕ್ಕೆ ಕ್ಷಮೆ ಬೇಡಲು ಅವನು ಪೋಪ್ ನಾಲ್ಕನೆಯ ಯುಜೀನಿಯಸನ ಬಳಿಗೆ ಹೋದ. ಪೋಪನ ಆಸ್ಥಾನ ಆಗ ಇದ್ದದ್ದು ಫ್ಲಾರೆನ್ಸಿನಲ್ಲಿ. ಅಲ್ಲಿನ ಕಾರ್ಯದರ್ಶಿ, ಫ್ಲಾರೆನ್ಸ್ ಸೀಮೆಯವನೇ ಆದ ಪೊಜ್ಜೊ ಬ್ರಾಚೊಲೀನಿ ಎಂಬ ವಿದ್ವಾಂಸ, ಕೊಂಟಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟ. ನೋಡಿದ್ದು ವೆನಿಸಿನ ಕಣ್ಣು, ಬರೆದದ್ದು ಫ್ಲಾರೆನ್ಸಿನ ಲೇಖನಿ. ವೆನಿಸ್ ಲೋಕಕ್ಕೆ ಹೊರಟ ಊರು, ಫ್ಲಾರೆನ್ಸ್ ಲೋಕವನ್ನು ಕುಳಿತು ವಿಚಾರಿಸಿದ ಊರು. ಮುಂದೆ 1567ರಲ್ಲಿ, ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷಗಳಾದಾಗ, ಹಾಳಾದ ವಿಜಯನಗರದಲ್ಲಿ ಏಳು ತಿಂಗಳು ಇದ್ದು ಬಂದ ಸೀಸರ್ ಫ್ರೆಡರಿಕನೂ ವೆನಿಸಿನ ವರ್ತಕನೇ.

ಫ್ಲಾರೆನ್ಸಿನಲ್ಲಿಯೂ ನಮ್ಮ ನೆರೆಯವರ ಒಂದು ಗುರುತಿದೆ. ಕೊಲ್ಲಾಪುರದ ಯುವಕ ಮಹಾರಾಜ ರಾಜಾರಾಮ ಇಂಗ್ಲೆಂಡಿನಿಂದ ಹಿಂದಿರುಗುವಾಗ 1870ರ ನವೆಂಬರ್ 30ರಂದು ಅಲ್ಲಿ ತೀರಿಕೊಂಡ. ಇಪ್ಪತ್ತರ ಹರೆಯ. ಶವವನ್ನು ಸುಡುವ ವಾಡಿಕೆಯೇ ಇಲ್ಲದ ಊರಿನಲ್ಲಿ ವಿಶೇಷ ಅನುಮತಿ ಪಡೆದು, ಆರ್ನೊ ಮತ್ತು ಮುನ್ಯೋನೆ ಎಂಬ ಎರಡು ಹೊಳೆಗಳ ಸಂಗಮದಲ್ಲಿ ನಮ್ಮ ಪದ್ಧತಿಯಂತೆ ಸಂಸ್ಕಾರ ಮಾಡಿದರು. ಅಲ್ಲಿ ಅವನ ಪ್ರತಿಮೆಯಿರುವ ಮಂಟಪವಿದೆ. ಹತ್ತಿರದ ಸೇತುವೆಯನ್ನು ಜನ ಇಂದಿಗೂ "ಭಾರತೀಯನ ಸೇತುವೆ" ಎಂದೇ ಕರೆಯುತ್ತಾರೆ.

ಈಗ ಪ್ರವಾಸಿಯ ಕಣ್ಣಿನಿಂದ ನೋಡೋಣ. ಫ್ಲಾರೆನ್ಸಿನ ಸಂಪತ್ತು ಹೆಚ್ಚಾಗಿ ಗೋಡೆಗಳ ಒಳಗಿದೆ: ಉಫೀಜಿ ಚಿತ್ರಶಾಲೆ, ಡೇವಿಡ್ ವಿಗ್ರಹವನ್ನು 1873ರಲ್ಲಿ ಸಾಗಿಸಿಟ್ಟ ಅಕಾಡೆಮಿಯ, ದೇವಾಲಯಗಳು, ಅರಮನೆಗಳು. ಇವು ಅಲ್ಲಿಯೇ ಉಳಿದಿರುವುದಕ್ಕೆ ಒಬ್ಬ ಹೆಣ್ಣುಮಗಳು ಕಾರಣ. ಮೆಡಿಚಿ ಮನೆತನದ ಕೊನೆಯವಳಾದ ಆನ್ನಾ ಮರೀಯ ಲುಯೀಸ, ರಾಜ್ಯ ಬೇರೆ ವಂಶಕ್ಕೆ ಹೋಗುವುದು ಖಂಡಿತವಾದಾಗ, 1737ರಲ್ಲಿ ಒಂದು ಕರಾರು ಮಾಡಿಸಿಕೊಂಡಳು: ಮನೆತನದ ಚಿತ್ರ, ವಿಗ್ರಹ, ಗ್ರಂಥ, ರತ್ನ ಯಾವುದನ್ನೂ ಫ್ಲಾರೆನ್ಸಿನಿಂದ ಹೊರಕ್ಕೆ ಒಯ್ಯಕೂಡದು. ವೆನಿಸಿಗೆ ಅಂಥ ಕರಾರು ಇರಲಿಲ್ಲ. 1797ರ ಮೇ 12ರಂದು ನೆಪೋಲಿಯನ್ನನಿಗೆ ಹೆದರಿ ಅದರ ಮಹಾಸಭೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಸಂತ ಮಾರ್ಕನ ದೇವಾಲಯದ ಮುಂದಿನ ನಾಲ್ಕು ಕಂಚಿನ ಕುದುರೆಗಳು ಪ್ಯಾರಿಸಿಗೆ ಹೋಗಿ 1815ರಲ್ಲಿ ಮರಳಿದುವು. ಆ ಕುದುರೆಗಳನ್ನು ವೆನಿಸಿನವರೂ 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆ ಮಾಡಿ ತಂದದ್ದೇ ಎನ್ನುವುದು ಬೇರೆ ಮಾತು. ವೆನಿಸಿನ ನಿಜವಾದ ಸಂಪತ್ತು ಊರೇ. ಕಾಲುವೆ, ಓಣಿ, ಸೇತುವೆ, ನೀರಿನಿಂದ ನೇರವಾಗಿ ಎದ್ದ ಮನೆಗಳು. ಟಿಕೆಟ್ಟಿಲ್ಲದೆ ನೋಡಬಹುದಾದದ್ದು ಅಲ್ಲಿ ಹೆಚ್ಚು.

ಎರಡಕ್ಕೂ ನೀರಿನ ಕಾಟ ಉಂಟು. 1966ರ ನವೆಂಬರ್ 4, ಒಂದೇ ದಿನ, ಎರಡು ಊರುಗಳೂ ಮುಳುಗಿದುವು. ವೆನಿಸಿನಲ್ಲಿ ಸಮುದ್ರ 194 ಸೆಂಟಿಮೀಟರು ಏರಿತು. ಫ್ಲಾರೆನ್ಸಿನಲ್ಲಿ ಆರ್ನೊ ದಡ ಮೀರಿ, ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಾದುವು; ಸಂತಾ ಕ್ರೋಚೆಯಲ್ಲಿದ್ದ ಚಿಮಬುಯೆಯ ಶಿಲುಬೆಯ ಚಿತ್ರದ ಬಣ್ಣ ಕಿತ್ತುಹೋಯಿತು. ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿದರು. ಅವರಿಗೆ "ಕೆಸರಿನ ದೇವದೂತರು" ಎಂದು ಹೆಸರಾಯಿತು. ವೆನಿಸಿನವರು ಬಹುಕಾಲ ಚರ್ಚಿಸಿ ಕಟ್ಟಿದ, ಸಮುದ್ರದ ಬಾಯಿಗೆ ಅಡ್ಡವಾಗಿ ಏಳುವ ಉಕ್ಕಿನ ಕದಗಳು 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ನೆರೆಯನ್ನು ತಡೆದುವು.

ಆದರೆ ವೆನಿಸಿಗೆ ಈಗಿನ ದೊಡ್ಡ ನೆರೆ ಜನದ್ದು. 1951ರಲ್ಲಿ ಹಳೆಯ ಊರಿನಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಬೆಳಿಗ್ಗೆ ಬಂದು ಸಂಜೆ ಹೋಗುವವರ ಜಾತ್ರೆಯಲ್ಲಿ ಬಾಡಿಗೆ ಏರಿತು, ತರಕಾರಿ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂದಿತು. ಊರಿನ ಮಕ್ಕಳು ದಡದ ಆಚೆಯ ಮೆಸ್ತ್ರೆಗೆ ಮನೆ ಬದಲಿಸಿದರು. 2024ರ ಏಪ್ರಿಲ್ 25ರಿಂದ ಗೊತ್ತಾದ ಕೆಲವು ದಿನಗಳಲ್ಲಿ, ರಾತ್ರಿ ತಂಗದೆ ಹೋಗುವ ಪ್ರವಾಸಿಗರಿಂದ 5 ಯೂರೊ ಪ್ರವೇಶದ ಹಣವನ್ನು ನಗರಸಭೆ ವಸೂಲು ಮಾಡಲು ತೊಡಗಿತು. ಅತಿಥಿಗಳು ಹೆಚ್ಚಿ ಮನೆಯವರೇ ಇಲ್ಲದ ಮನೆಯಂತೆ ಆ ಊರು ಆಗುತ್ತಿದೆ. ಆಯ್ಕೆ ಮಾಡುವ ನಮಗೂ ಇದರಲ್ಲಿ ಒಂದು ಪಾಲಿದೆ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಹೀಗಿದೆ. ನಿಮ್ಮ ಕೈಯಲ್ಲಿ ಒಂದೇ ಹಗಲು ಇದ್ದರೆ ಫ್ಲಾರೆನ್ಸಿಗೆ ಹೋಗಿ. ಒಂದು ಹಗಲಿನಲ್ಲಿ ಗುಮ್ಮಟ, ಸರ್ಕಾರದ ಚೌಕ, 1345ರ ಹಳೆಯ ಸೇತುವೆ, ಸಂತಾ ಕ್ರೋಚೆ ಇವಿಷ್ಟನ್ನು ನಡೆದೇ ನೋಡಬಹುದು. ವೆನಿಸನ್ನು ಒಂದು ಹಗಲಿನಲ್ಲಿ ನೋಡಹೊರಟರೆ ಕಾಣುವುದು ನಮ್ಮಂತೆಯೇ ಬಂದ ಇತರರ ಬೆನ್ನು ಮಾತ್ರ.

ಮೂರು ರಾತ್ರಿ ಇದ್ದರೆ ನಿಮ್ಮ ಆಸಕ್ತಿಯನ್ನು ಕೇಳಿಕೊಳ್ಳಿ. ಚಿತ್ರ, ಶಿಲ್ಪ, ಮನುಷ್ಯನ ಬುದ್ಧಿ ಹೊಸ ದಾರಿ ಹಿಡಿದ ಬಗೆ, ಇವುಗಳಲ್ಲಿ ಮನಸ್ಸಿದ್ದರೆ ಆಗಲೂ ಫ್ಲಾರೆನ್ಸೇ ಸರಿ. ಹೋಗುವ ಮೊದಲು ಒಂದೆರಡು ಪುಸ್ತಕ ಓದಿ ಹೋಗಿ. ಅಲ್ಲಿ ಓದಿದವನಿಗೆ ಕಾಣುವುದು ಹೆಚ್ಚು. ಸೋಮವಾರ ಉಫೀಜಿಯೂ ಅಕಾಡೆಮಿಯವೂ ಮುಚ್ಚಿರುತ್ತವೆ. ಗುಮ್ಮಟಕ್ಕೆ 463 ಮೆಟ್ಟಲು, ಮೊದಲೇ ಸ್ಥಳ ಕಾದಿರಿಸಬೇಕು. ಮಂಡಿನೋವಿನ ಹಿರಿಯರು ಕೆಳಗೆ ನಿಂತು ನೋಡಿದರೂ ನಷ್ಟವಿಲ್ಲ.

ಇವುಗಳ ಪರಿಚಯ ಅಷ್ಟಾಗಿಲ್ಲದವರು, ಒಂದು ಊರು ಹೇಗೆ ಬದುಕಿತೆಂದು ನೋಡುವ ಕುತೂಹಲವುಳ್ಳವರು, ಮೂರು ರಾತ್ರಿಯಿದ್ದರೆ ವೆನಿಸಿಗೆ ಹೋಗಲಿ. ಆದರೆ ಊರಿನೊಳಗೆ, ಸಾಧ್ಯವಾದರೆ ಊರಿನವರೇ ನಡೆಸುವ ವಸತಿಗೃಹದಲ್ಲಿ ತಂಗಬೇಕು. ಅಲ್ಲಿನ ಅಂಗಡಿಯಲ್ಲಿಯೇ ರೊಟ್ಟಿ, ಹಣ್ಣು ಕೊಳ್ಳಬೇಕು. ಸೇತುವೆಗಳಿಗೆಲ್ಲ ಮೆಟ್ಟಲುಗಳಿವೆ, ಗಾಡಿಗಳಿಲ್ಲ; ಆದ್ದರಿಂದ ಗಂಟು ಹಗುರವಾಗಿರಲಿ. ಸಂಜೆಯ ರೈಲುಗಳು ಹೊರಟ ಮೇಲೆ ಓಣಿಗಳು ತೆರವಾಗುತ್ತವೆ. ದೊಡ್ಡ ಕಾಲುವೆಯ ಉದ್ದಕ್ಕೂ ಹೋಗುವ ಒಂದನೆಯ ನಂಬರಿನ ದೋಣಿಯಲ್ಲಿ ಕುಳಿತು, 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯ ಕೆಳಗೆ ಹಾದುಹೋಗಿ. ಆ ಸೇತುವೆಯ ಪಕ್ಕದ ಪೇಟೆಯಲ್ಲಿಯೇ ನಮ್ಮ ಕರಾವಳಿಯ ಮೆಣಸನ್ನು ತೂಗಿ ಮಾರುತ್ತಿದ್ದುದು. ಬೆಳಗಾದರೆ ಅದೇ ಪೇಟೆಯಲ್ಲಿ ಮೀನಿನವರೂ ತರಕಾರಿಯವರೂ ಅಂಗಡಿ ತೆರೆಯುವುದನ್ನು ನೀವು ನೋಡಬಹುದು.